ಕಣಗಿನಹಾಳದ ಪಾಠ: ಸಾಲದ ಚರಿತ್ರೆಯಲ್ಲಿ ಸಾಮಾನ್ಯ ಜನ

ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಸಮಾಜ ವಿಜ್ಞಾನದ ಶಿಕ್ಷಕರು ರಜೆ ಹಾಕಿದ್ದ ಒಂದು ದಿನ ಅವರ ಪಿರಿಯಡ್ ನನ್ನ ಪಾಲಿಗೆ ಬಂತು. ಹತ್ತನೇ ತರಗತಿ, ಪಾಠ ಜಾಗತಿಕ ಸಮಸ್ಯೆಗಳದ್ದು. ಬಡತನ, ಹಸಿವು, ಯುದ್ಧ, ಪರಿಸರ ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತ ಹೋದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಇದರಾಗ ವಿಶ್ವಸಂಸ್ಥೆ ಏನು ಮಾಡ್ತು, ಸರಕಾರ ಏನು ಮಾಡ್ತು ಅಂತ ಐತ್ರಿ. ನಮ್ಮಮ್ಮ ಏನು ಮಾಡಬೇಕು ಅಂತ ಇಲ್ಲಲ್ರಿ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು, ಆದರೆ ಉತ್ತರ ಬರಲಿಲ್ಲ.

ಆ ಹುಡುಗಿ ಹತ್ತಿ ಬಿಡಿಸುವ ಕಾಲದಲ್ಲಿ ವಾರಕ್ಕೆ ಎರಡು ದಿನ ಶಾಲೆಗೆ ಬರುತ್ತಿರಲಿಲ್ಲ. ಕಾರಣ ಕೇಳಿದರೆ "ಮಂಗಳವಾರ ಸಂಘದ ಕಂತು ಐತ್ರಿ" ಎನ್ನುತ್ತಿದ್ದಳು. ತಾಯಿ ಎರಡು ಕಡೆ ಸಾಲ ಮಾಡಿದ್ದರು. ಒಂದು ಸಾಲ ಹಿರಿಯ ಮಗಳ ಮದುವೆಗೆ, ಇನ್ನೊಂದು ಆ ಮೊದಲ ಸಾಲದ ಕಂತು ಕಟ್ಟುವುದಕ್ಕೆ! ಸೋಮವಾರ ಸಂಜೆಯೊಳಗೆ ರೊಕ್ಕ ಜೋಡಿಸಲು ತಾಯಿ-ಮಗಳು ಇಬ್ಬರೂ ಹೊಲಕ್ಕೆ ಹೋಗಲೇಬೇಕು. ಕವಿತಾಳದಲ್ಲಿ ಇಂಥ ಮನೆ ಅದೊಂದೇ ಅಲ್ಲ ಎಂಬುದು ಈ ಸಂಚಿಕೆಯನ್ನು ಓದುವ ನಮ್ಮೂರ ಸದಸ್ಯರಿಗೆ ಗೊತ್ತು.

ಬಡತನ ಜಗತ್ತಿನ ಸಮಸ್ಯೆ, ಸಾಲ ಮನೆಯ ಸಮಸ್ಯೆ ಎಂದು ನಾವು ಸಾಮಾನ್ಯವಾಗಿ ಬೇರೆ ಮಾಡಿ ನೋಡುತ್ತೇವೆ. ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಿದರೆ ಹಾಗೆ ಬೇರೆ ಮಾಡಲು ಬರುವುದಿಲ್ಲ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ ನನಗೆ ಸಿಕ್ಕಿದ್ದು ನಮ್ಮ ಪಕ್ಕದ ಗದಗ ಸೀಮೆಯ ಒಂದು ಹಳ್ಳಿ, ಕಣಗಿನಹಾಳ. ಆದರೆ ಅಲ್ಲಿಗೆ ಹೋಗುವ ಮುಂಚೆ ಅಮೆರಿಕಕ್ಕೆ ಹೋಗಬೇಕಾಗುತ್ತದೆ.

ಅಮೆರಿಕದ ಯುದ್ಧ, ದಖ್ಖನಿನ ಸಾಲ

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಗಿರಣಿಗಳವರು ಭಾರತದ ಕಡೆ ತಿರುಗಿದರು. ಧಾರವಾಡ, ಗದಗ, ಪುಣೆ, ಅಹಮದನಗರ, ಬೇರಾರ್ ಎಲ್ಲ ಕಡೆ ಹತ್ತಿಯ ದರ ಏರಿತು. ಜೋಳ ಬಿತ್ತುತ್ತಿದ್ದ ರೈತ ಹತ್ತಿ ಬಿತ್ತಿದ. ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು. ಮುಂದಿನ ವರ್ಷ ಇದಕ್ಕಿಂತ ಹೆಚ್ಚು ದರ ಬರುತ್ತದೆ ಎಂಬ ಭರವಸೆ ಕೊಡುವವನಿಗೂ ಇತ್ತು, ತೆಗೆದುಕೊಳ್ಳುವವನಿಗೂ ಇತ್ತು.

1865ರಲ್ಲಿ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಮಾರುಕಟ್ಟೆಗೆ ಬಂತು. ದರ ಕುಸಿಯಿತು, ಸಾಲ ಉಳಿಯಿತು. ಅದರ ಮೇಲೆ ಸರಕಾರ ಕಂದಾಯವನ್ನೂ ಏರಿಸಿತು. ಸಾಹುಕಾರ ಹೊಸ ಸಾಲ ಕೊಡುವುದನ್ನು ನಿಲ್ಲಿಸಿ, ಹಳೆಯ ಪತ್ರಗಳನ್ನು ಹಿಡಿದು ಕೋರ್ಟಿಗೆ ಹೋದ. ಹೆಬ್ಬೆಟ್ಟು ಒತ್ತಿದ ರೈತನಿಗೆ ಪತ್ರದಲ್ಲಿ ಏನು ಬರೆದಿದೆ ಎಂಬುದೇ ತಿಳಿದಿರಲಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾ ಎಂಬ ಸಂತೆಯ ಊರಿನಲ್ಲಿ ರೈತರು ಎದ್ದರು. ಅಲ್ಲಿಂದ ಅಹಮದನಗರದ ಹಳ್ಳಿಗಳಿಗೂ ಗಲಭೆ ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ಗಲಭೆ ಎಂದು ಹೆಸರು. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರೈತರು ಸಾಹುಕಾರರ ಪ್ರಾಣಕ್ಕೆ ಕೈಹಾಕಿದ್ದು ಬಹಳ ಕಡಿಮೆ; ಅವರು ಕೇಳಿದ್ದು ಲೆಕ್ಕದ ವಹಿಗಳನ್ನು ಮತ್ತು ಸಾಲಪತ್ರಗಳನ್ನು. ಅವನ್ನು ತಂದು ರಾಶಿ ಹಾಕಿ ಸುಟ್ಟರು. ಸರಕಾರ ಆಯೋಗ ನೇಮಿಸಿತು, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆಯನ್ನೂ ತಂದಿತು. ಕಾಯ್ದೆಯಿಂದ ಕೆಲವರಿಗೆ ಕೋರ್ಟಿನಲ್ಲಿ ಅನುಕೂಲವಾಯಿತು, ನಿಜ. ಆದರೆ ಬಿತ್ತನೆಯ ಹೊತ್ತಿಗೆ ಬೀಜಕ್ಕೆ ರೊಕ್ಕ ಬೇಕಾದರೆ ರೈತ ಮತ್ತೆ ಅದೇ ಸಾಹುಕಾರನ ಕಟ್ಟೆಗೇ ಹೋಗಬೇಕಾಗಿತ್ತು. ಪತ್ರ ಸುಟ್ಟುಬಿಡಬಹುದು, ಸಾಲದ ಅಗತ್ಯವನ್ನು ಹೇಗೆ ಸುಡುವುದು?

ಗಲಭೆ ಆರಿ ಒಂದೇ ವರ್ಷಕ್ಕೆ ಬರ ಬಂತು. 1876ರಿಂದ 78ರವರೆಗಿನ ಆ ಬರವನ್ನು ಹಿರಿಯರು ಧಾತು-ಈಶ್ವರ ಬರ ಎಂದು ಸಂವತ್ಸರದ ಹೆಸರಿನಿಂದ ಕರೆಯುತ್ತಿದ್ದರು. ದಕ್ಷಿಣ ಭಾರತದಲ್ಲಿ ಸತ್ತವರ ಸಂಖ್ಯೆ ಐವತ್ತು ಲಕ್ಷವನ್ನೂ ಮೀರಿತು. ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ರಾಯಚೂರು ಸೀಮೆಗೂ ಇದರ ಪೆಟ್ಟು ಬಿತ್ತು. ಮುಂಬಯಿ ಕಡೆಯ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿ ಆಗ ಐದು ವರ್ಷವಷ್ಟೇ ಆಗಿತ್ತು (1871). ದೇಶದ ಬೇರೆ ಭಾಗಗಳಲ್ಲಿ ಧಾನ್ಯವಿತ್ತು, ತರಲು ರೈಲೂ ಇತ್ತು. ಕೊಳ್ಳಲು ಜನರ ಕೈಯಲ್ಲಿ ರೊಕ್ಕವಿರಲಿಲ್ಲ. ಅಷ್ಟು ದೊಡ್ಡ ಬರದ ಅರ್ಧ ಕತೆ ಇಷ್ಟೇ.

ಹಸಿವಿನ ಚಳಿಗಾಲದಲ್ಲಿ ಒಬ್ಬ ಪಟೇಲ

ಇದೇ ಸಾಲ, ಇದೇ ಹಸಿವು ಯುರೋಪಿನಲ್ಲೂ ಇತ್ತು. ಇಂದು ಶ್ರೀಮಂತ ದೇಶಗಳೆಂದು ನಾವು ಓದುವ ಇಂಗ್ಲೆಂಡ್ ಮತ್ತು ಜರ್ಮನಿಯ ಬಡವರು ಆಗ ಏನು ಮಾಡಿದರು ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಗಿರಣಿ ಪಟ್ಟಣದಲ್ಲಿ 28 ಮಂದಿ ನೇಕಾರರು ಮತ್ತು ಇತರ ಕಸುಬಿನವರು ಪುಡಿಗಾಸು ಉಳಿಸಿ, ತಲೆಗೆ ಒಂದು ಪೌಂಡಿನಂತೆ ಬಂಡವಾಳ ಕೂಡಿಸಿ, 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಅಂಗಡಿಯಲ್ಲಿದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಅಷ್ಟೇ. ನಗದು ವ್ಯಾಪಾರ ಮಾತ್ರ, ಉದ್ರಿ ಇಲ್ಲ. ತೂಕದಲ್ಲಿ ಮೋಸವಿಲ್ಲ, ಹಿಟ್ಟಿನಲ್ಲಿ ಕಲಬೆರಕೆ ಇಲ್ಲ. ಎಷ್ಟೇ ಪಾಲು ಇದ್ದರೂ ಒಬ್ಬನಿಗೆ ಒಂದೇ ಮತ. ಇಂದು ಜಗತ್ತಿನ ಸಹಕಾರ ಸಂಘಗಳೆಲ್ಲ ತಮ್ಮ ತತ್ವಗಳ ಮೂಲವನ್ನು ಆ ಸಣ್ಣ ಅಂಗಡಿಗೆ ಕೊಂಡೊಯ್ಯುತ್ತವೆ.

ಜರ್ಮನಿಯ ಕತೆ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ಹಳ್ಳಿಯದು. ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ (1818-1888) ವೆಯರ್‌ಬುಶ್ ಎಂಬ ಹಳ್ಳಿಗಳ ಗುಂಪಿಗೆ ಮೇಯರ್ ಆಗಿದ್ದ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಪಟೇಲ. 1846-47ರ ಚಳಿಗಾಲದಲ್ಲಿ ಬೆಳೆ ಹೋಗಿ ಜನ ಹಸಿವಿನಿಂದ ಕಂಗೆಟ್ಟರು. ಸರಕಾರದ ಉಗ್ರಾಣದಿಂದ ಹಿಟ್ಟು ಬಂತು, ಆದರೆ ನಗದು ಕೊಟ್ಟವರಿಗೆ ಮಾತ್ರ ಹಂಚಬೇಕೆಂಬ ಆದೇಶದ ಜೊತೆಗೆ. ರೈಫೈಸನ್ ಆ ಆದೇಶ ಮೀರಿ ಇಲ್ಲದವರಿಗೆ ಉದ್ರಿಯಾಗಿ ಕೊಟ್ಟ. ಊರಿನ ಸ್ಥಿತಿವಂತರಿಂದ ಹಣ ಕೂಡಿಸಿ, ಎಲ್ಲರಿಗೂ ಸೇರಿದ ಒಲೆ ಕಟ್ಟಿಸಿ, ಅಗ್ಗದ ದರಕ್ಕೆ ರೊಟ್ಟಿ ಸುಡಿಸಿದ.

ಮುಂದೆ ಅವನಿಗೆ ಒಂದು ತೊಡಕು ಎದುರಾಯಿತು. ಸ್ಥಿತಿವಂತರ ದಾನದ ಮೇಲೆ ನಿಂತ ಸಂಘ ಬಹಳ ದಿನ ನಿಲ್ಲಲಿಲ್ಲ. ಬರ ಹೋದ ಮೇಲೆ ಕೊಡುವವರ ಉತ್ಸಾಹವೂ ಹೋಯಿತು. ಹಾಗಾಗಿ 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಬೇರೆ ರೀತಿಯ ಸಂಘ ಕಟ್ಟಿದ. ಸಾಲ ಬೇಕಾದವನೇ ಸದಸ್ಯನಾಗಬೇಕು, ಸದಸ್ಯರೆಲ್ಲ ಒಬ್ಬರ ಸಾಲಕ್ಕೆ ಒಬ್ಬರು ಜವಾಬ್ದಾರರು. ಒಬ್ಬ ತೀರಿಸದಿದ್ದರೆ ಎಲ್ಲರ ಆಸ್ತಿಗೂ ಹೊಣೆ ತಟ್ಟುತ್ತದೆ. ಕೇಳಲು ಕಠಿಣವಾಗಿದೆ. ಆದರೆ ಬ್ಯಾಂಕಿಗೆ ಗೊತ್ತಿಲ್ಲದ ಒಂದು ಸಂಗತಿ ಹಳ್ಳಿಯವರಿಗೆ ಗೊತ್ತಿರುತ್ತದೆ: ಯಾರು ದುಡಿಯುವವನು, ಯಾರು ಕುಡಿಯುವವನು, ಯಾರ ಎತ್ತು ನಿಜವಾಗಿಯೂ ಸತ್ತಿದೆ. ಆಸ್ತಿ ಇಲ್ಲದವನಿಗೆ ನೆರೆಯವರ ನಂಬಿಕೆಯೇ ಜಾಮೀನು. ದಾನದಿಂದ ಆರಂಭಿಸಿ ಪರಸ್ಪರ ಹೊಣೆಗೆ ಬಂದು ತಲುಪಿದ ಈ ಹಾದಿಯ ಬಗ್ಗೆ ನಮ್ಮಂಥ ವಿದ್ಯಾಸಂಸ್ಥೆಗಳ ಹಿರಿಯರು ಯೋಚಿಸಬೇಕೆಂದು ನನ್ನ ವಿನಂತಿ. ನಾವು ಇನ್ನೂ ರೈಫೈಸನ್ನನ ಮೊದಲ ಹಂತದಲ್ಲೇ ಇದ್ದೇವೆ. ರಮಜಾನಿನಲ್ಲಿ ಕೊಡುತ್ತೇವೆ, ಉಳಿದ ಹನ್ನೊಂದು ತಿಂಗಳು ಮರೆಯುತ್ತೇವೆ.

ಬ್ರಿಟಿಷ್ ಸರಕಾರ ಈ ಪ್ರಯೋಗಗಳನ್ನು ನೋಡಿಬರಲು ಮದ್ರಾಸಿನ ಅಧಿಕಾರಿ ಫ್ರೆಡ್ರಿಕ್ ನಿಕೋಲ್ಸನ್ ಅವರನ್ನು ಕಳಿಸಿತು. ಅವರ ವರದಿ 1895ರಿಂದ 97ರ ನಡುವೆ ಪ್ರಕಟವಾಯಿತು. ಎರಡು ದಪ್ಪ ಸಂಪುಟಗಳ ಸಾರಾಂಶವೆಂದರೆ, ರೈಫೈಸನ್ನನಂಥ ಮನುಷ್ಯರನ್ನು ಹುಡುಕಿಕೊಳ್ಳಿರಿ ಎಂಬುದು. 1904ರ ಮಾರ್ಚ್ 25ರಂದು ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಹತ್ತು ಮಂದಿ ವಯಸ್ಕರು ಕೂಡಿದರೆ ಸಂಘ ನೋಂದಾಯಿಸಬಹುದು ಎಂದಾಯಿತು.

ಕಣಗಿನಹಾಳ

ಕಾಯ್ದೆ ಬಂದ ಮಾತ್ರಕ್ಕೆ ಜನ ಓಡಿ ಬರುವುದಿಲ್ಲ. ಸರಕಾರದ ಕಾಗದಕ್ಕೆ ಸಹಿ ಹಾಕಿದರೆ ಹೊಲ ಹೋಗುತ್ತದೆ ಎಂದು ಹೆದರುವ ಕಾಲ ಅದು. ಅದರಲ್ಲೂ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂದರೆ ಯಾರು ಮುಂದೆ ಬರುತ್ತಾರೆ? ಅಂದಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಮುಂದೆ ಬಂದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅವರ ಮುಂದಾಳುತನದಲ್ಲಿ ಹಳ್ಳಿಯ ರೈತರು ಕೂಡಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ 1905ರ ಮೇ 8ರಂದು ನೋಂದಣಿಯಾಯಿತು. ಪಾಟೀಲರನ್ನು ಇಂದಿಗೂ ಕರ್ನಾಟಕದ ಸಹಕಾರ ಚಳವಳಿಯ ಪಿತಾಮಹ ಎಂದು ಕರೆಯುತ್ತಾರೆ. ಇದು ದೇಶದಲ್ಲೇ ಮೊದಲ ಸಂಘವೆಂದು ನಮ್ಮ ಪುಸ್ತಕಗಳು ಹೇಳುತ್ತವೆ. ತಮಿಳುನಾಡಿನವರು 1904ರ ತಿರೂರ್ ಸಂಘವನ್ನು ಮುಂದಿಡುತ್ತಾರೆ. ಮೊದಲು ಯಾರು ಎಂಬ ಜಗಳ ನಮಗೆ ಬೇಡ. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾಯ್ದೆ ಮಾಡಿತು, ಬೆಂಗಳೂರಿನಲ್ಲಿಯೂ ಸಂಘ ಹುಟ್ಟಿತು.

ನನಗೆ ಮುಖ್ಯವಾಗಿ ಕಾಣುವುದು ಅದರ ಕಾಲ ಮತ್ತು ಸ್ಥಳ. ಗದಗ ಹತ್ತಿಯ ಸೀಮೆ. ಅಮೆರಿಕದ ಯುದ್ಧದಿಂದ ಏರಿ ಇಳಿದ ಅದೇ ಹತ್ತಿ. ದಖ್ಖನ್ ಗಲಭೆಯಾಗಿ ಮೂವತ್ತು ವರ್ಷ ಕಳೆದಿತ್ತು. ಸುಪಾದ ರೈತರ ಮುಂದಿದ್ದ ಪ್ರಶ್ನೆಯೇ ಕಣಗಿನಹಾಳದ ರೈತರ ಮುಂದೆಯೂ ಇತ್ತು. ಅವರು ಸಾಹುಕಾರನ ವಹಿಯನ್ನು ಸುಡಲಿಲ್ಲ. ತಮ್ಮದೇ ಒಂದು ವಹಿ ಬರೆಯಲು ಶುರುಮಾಡಿದರು. ನನ್ನ ಅಭಿಪ್ರಾಯದಲ್ಲಿ ಇದು ಹೆಚ್ಚು ಕಷ್ಟದ ಕೆಲಸ. ಸುಡುವುದು ಒಂದು ರಾತ್ರಿಯ ಮಾತು, ವಹಿ ಬರೆಯುವುದು ಪ್ರತಿ ವಾರದ್ದು.

ಇಂದು ಜಗತ್ತಿನಲ್ಲಿ ಸುಮಾರು 30 ಲಕ್ಷ ಸಹಕಾರ ಸಂಘಗಳಿವೆ ಎಂದು 1895ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಹೇಳುತ್ತದೆ. ವಿಶ್ವಸಂಸ್ಥೆ 2012 ಮತ್ತು 2025ನ್ನು ಸಹಕಾರ ವರ್ಷಗಳೆಂದು ಸಾರಿತು. ಪಠ್ಯದಲ್ಲಿ ವಿಶ್ವಸಂಸ್ಥೆಯ ಹೆಸರು ದೊಡ್ಡದಾಗಿ ಬರುತ್ತದೆ. ಅದು ಹುಟ್ಟುವ ನಲವತ್ತು ವರ್ಷ ಮೊದಲೇ ಒಂದು ಕನ್ನಡ ಹಳ್ಳಿ ಈ ಕೆಲಸಕ್ಕೆ ಕೈಹಾಕಿತ್ತು ಎಂಬ ಮಾತೂ ಒಂದು ಸಾಲಿನಲ್ಲಿ ಬಂದರೆ ಮಕ್ಕಳಿಗೆ ಉಪಯೋಗವಾದೀತು.

ಹೈದರಾಬಾದಿನ ಬಡ್ಡಿಯಿಲ್ಲದ ಸಂಘಗಳು

ಕಣಗಿನಹಾಳದ ಸಂಘ ಬಡ್ಡಿ ತೆಗೆದುಕೊಳ್ಳುತ್ತಿತ್ತು. ಸಾಹುಕಾರನಿಗಿಂತ ಕಡಿಮೆ, ಆದರೂ ಬಡ್ಡಿಯೇ. ನಮ್ಮ ಓದುಗರಲ್ಲಿ ಅನೇಕರು ಇಲ್ಲಿಗೆ ನಿಲ್ಲುತ್ತಾರೆಂದು ಗೊತ್ತು. ಬಡ್ಡಿಯ ವಿಷಯದಲ್ಲಿ ಮನಸ್ಸು ಒಪ್ಪದವರು ಬ್ಯಾಂಕಿಗೂ ಹೋಗಲಿಲ್ಲ, ಸಹಕಾರ ಸಂಘಕ್ಕೂ ಹೋಗಲಿಲ್ಲ. ಆದರೆ ಕಷ್ಟ ಬಂದಾಗ ನೂರಕ್ಕೆ ತಿಂಗಳಿಗೆ ಐದರಂತೆ ಕೈಬಡ್ಡಿಗೆ ತಂದರು! ಈ ವಿಚಿತ್ರ ನಮ್ಮ ಓಣಿಗಳಲ್ಲಿ ಇಂದಿಗೂ ಇದೆ.

ಇದಕ್ಕೆ ದಾರಿ ಹುಡುಕಿದವರು ನಮ್ಮದೇ ಹಳೆಯ ಸಂಸ್ಥಾನದಲ್ಲಿ ಇದ್ದರು. ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಪ್ಯಾರಿಸ್ಸಿನಲ್ಲಿ ನೆಲೆಸಿದ ಪ್ರಸಿದ್ಧ ವಿದ್ವಾಂಸ ಡಾ. ಮುಹಮ್ಮದ್ ಹಮೀದುಲ್ಲಾ (1908-2002) ಅವರು ಈ ಬಗ್ಗೆ ಬರೆದಿದ್ದಾರೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹೈದರಾಬಾದಿನ ಸರಕಾರಿ ಕಚೇರಿಗಳ ನೌಕರರು ಬಡ್ಡಿಯಿಲ್ಲದ ಪರಸ್ಪರ ಸಹಾಯದ ಸಂಘಗಳನ್ನು ಕಟ್ಟಿಕೊಂಡಿದ್ದರು. ಸದಸ್ಯರು ಪಗಾರದಿಂದ ಪ್ರತಿ ತಿಂಗಳು ಒಂದಿಷ್ಟು ಕೂಡಿಸುವುದು, ಅಗತ್ಯವಿದ್ದವರಿಗೆ ಸರದಿಯಂತೆ ಅದರಿಂದ ಕರ್ಜೆ ಹಸನಾ ಕೊಡುವುದು, ಅವರು ಕಂತುಗಳಲ್ಲಿ ಅಸಲು ಮಾತ್ರ ತೀರಿಸುವುದು. ಮದುವೆ, ಕಾಯಿಲೆ, ಮಕ್ಕಳ ಓದು ಎಂದು ಜನ ಇಲ್ಲಿಂದಲೇ ನಿಭಾಯಿಸಿದರು. ಇದರಲ್ಲಿ ಹೊಸ ಧರ್ಮಶಾಸ್ತ್ರವೇನೂ ಇಲ್ಲ. ಹೊಸದೆಂದರೆ ಶಿಸ್ತು. ಗುಮಾಸ್ತರು ತಾನೇ, ಲೆಕ್ಕ ಇಡುವುದು ಅವರ ಕಸುಬು.

ಇಲ್ಲಿ ಒಂದು ದೌರ್ಬಲ್ಯವೂ ಇತ್ತು. ಪಗಾರ ಬರುವವರಿಗೆ ಪ್ರತಿ ತಿಂಗಳು ಕೂಡಿಸುವುದು ಸುಲಭ. ಮಳೆ ನಂಬಿದವರಿಗೆ, ಗುಳೆ ಹೋಗುವವರಿಗೆ ಅದು ಆಗುವುದಿಲ್ಲ. ಕಚೇರಿಯ ಮಾದರಿಯನ್ನು ಹಳ್ಳಿಗೆ ತರುವ ಕೆಲಸ ಅಂದು ಉಳಿದುಹೋಯಿತು.

ಸೋತದ್ದು ಎಲ್ಲಿ

ಸಹಕಾರದ ಚರಿತ್ರೆಯನ್ನು ಬರೀ ಹೊಗಳಿ ಬರೆದರೆ ಮಕ್ಕಳಿಗೆ ಸುಳ್ಳು ಹೇಳಿದಂತೆ. ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕ್ ದೇಶದ ಗ್ರಾಮೀಣ ಸಾಲದ ದೊಡ್ಡ ಸಮೀಕ್ಷೆ ಮಾಡಿಸಿತು. ಎ. ಡಿ. ಗೋರ್ವಾಲಾ ಅಧ್ಯಕ್ಷತೆಯ ಸಮಿತಿಯ ವರದಿ 1954ರಲ್ಲಿ ಬಂತು. ಐವತ್ತು ವರ್ಷಗಳ ಸಹಕಾರದ ನಂತರ ಹಳ್ಳಿಗರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3ರಷ್ಟು ಮಾತ್ರ ಇತ್ತು. ಲೇವಾದೇವಿಯವರದ್ದು ಶೇ. 70ರ ಸಮೀಪ. ಸಹಕಾರ ಸೋತಿದೆ, ಆದರೂ ಅದನ್ನು ಗೆಲ್ಲಿಸಲೇಬೇಕು ಎಂಬ ಅರ್ಥದ ಮಾತನ್ನು ಸಮಿತಿ ಬರೆಯಿತು.

ಏಕೆ ಸೋತಿತು? ಊರಿನ ದೊಡ್ಡವರು ಸಂಘದ ಕುರ್ಚಿ ಹಿಡಿದರು. ಭೂಮಿ ಇಲ್ಲದವನಿಗೆ, ಹೆಂಗಸರಿಗೆ ಸದಸ್ಯತ್ವವೇ ಸಿಗಲಿಲ್ಲ. ಸರಕಾರದ ಹಣ ಬರತೊಡಗಿದ ಮೇಲೆ ಇದು ನಮ್ಮ ಹಣ ಎಂಬ ಭಾವನೆ ಹೋಗಿ ಸರಕಾರದ ಹಣ ಎಂಬ ಭಾವನೆ ಬಂತು. ಸರಕಾರದ ಹಣವನ್ನು ಯಾರೂ ತೀರಿಸಲು ಅವಸರ ಮಾಡುವುದಿಲ್ಲ.

'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎಂಬ ಗಾದೆಯನ್ನು ಎಲ್ಲ ಶಾಲೆಗಳ ಗೋಡೆಯ ಮೇಲೂ ಬರೆಸಿರುತ್ತೇವೆ. ಆ ಬಳ್ಳ ಯಾರ ಮನೆಯಲ್ಲಿ ಇರಬೇಕು, ಅಳೆಯುವವರು ಯಾರು ಎಂಬುದನ್ನು ಗಾದೆ ಹೇಳುವುದಿಲ್ಲ. ನನಗೆ ಇದು ಅನುಭವದ ಮಾತು. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ನಡೆಸುತ್ತಿದ್ದ ಚೀಟಿಯಲ್ಲಿ ನಾನೂ ಸೇರಿದ್ದೆ. ಎಂಟು ತಿಂಗಳು ಕಟ್ಟಿದ ಮೇಲೆ ಚೀಟಿ ಮುಳುಗಿತು. ಲೆಕ್ಕ ಕೇಳಿದರೆ, "ಎಲ್ಲಾ ತಲೆಯಾಗ ಐತಿ" ಎಂದರು. ಪದವಿ, ಬಿ.ಎಡ್. ಮುಗಿಸಿದ ನಾನು ಎಂಟು ತಿಂಗಳಲ್ಲಿ ಒಮ್ಮೆಯೂ ಪುಸ್ತಕ ತೋರಿಸಿ ಎಂದು ಕೇಳಿರಲಿಲ್ಲ. ಹೆಬ್ಬೆಟ್ಟು ಒತ್ತಿದ ರೈತನಿಗೂ ನನಗೂ ಏನು ವ್ಯತ್ಯಾಸ?

ಸಣ್ಣ ಗುಂಪುಗಳು, ದೊಡ್ಡ ಕಂಪನಿಗಳು

1980ರ ದಶಕದಲ್ಲಿ ಕರ್ನಾಟಕದಿಂದಲೇ ಇನ್ನೊಂದು ಪ್ರಯತ್ನ ಹೊರಟಿತು. ಮೈರಾಡ ಎಂಬ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ಬರನ್ನೊಬ್ಬರು ನಂಬುವ ಹದಿನೈದು-ಇಪ್ಪತ್ತು ಜನರ ಸಣ್ಣ ಗುಂಪುಗಳಾದವು. ಸಂಸ್ಥೆ ಅವನ್ನು ಮತ್ತೆ ಸೇರಿಸಲು ಹೋಗದೆ ಆ ಗುಂಪುಗಳಿಗೇ ಉಳಿತಾಯ, ಸಭೆ, ಲೆಕ್ಕ ಕಲಿಸಿತು. ಇಂದು ನಾವು ಸ್ವಸಹಾಯ ಸಂಘ ಎನ್ನುವುದರ ಆರಂಭಗಳಲ್ಲಿ ಇದು ಮುಖ್ಯವಾದದ್ದು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಮಾಡಿತು. ನಮ್ಮ ರಾಜ್ಯದಲ್ಲಿ 2000-01ರಿಂದ ಸ್ತ್ರೀಶಕ್ತಿ ಗುಂಪುಗಳು ಬಂದವು. ನೆರೆಯ ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಎಂಬ ಹಳ್ಳಿಯ 42 ಮಂದಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟು ಆರಂಭಿಸಿದ ಕೆಲಸ ಗ್ರಾಮೀಣ ಬ್ಯಾಂಕ್ ಆಗಿ ಬೆಳೆದು 2006ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದದ್ದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ.

ಬಡ ಹೆಂಗಸರು ಸಾಲ ತೀರಿಸುತ್ತಾರೆ ಎಂಬ ಸುದ್ದಿ ಜಗತ್ತಿಗೆ ಗೊತ್ತಾದ ಮೇಲೆ ಲಾಭದ ಕಂಪನಿಗಳು ಬಂದವು. ಅವರೂ ಗುಂಪು ಮಾಡಿದರು, ಅವರೂ ಒಬ್ಬರಿಗೊಬ್ಬರು ಜಾಮೀನು ಎಂದರು. ಹೆಸರೂ ಅದೇ: ಸಂಘ. ಆದರೆ ಉಳಿತಾಯ ಇಲ್ಲ, ಲೆಕ್ಕದ ಪುಸ್ತಕ ಸದಸ್ಯರ ಕೈಯಲ್ಲಿ ಇಲ್ಲ, ವರ್ಷಕ್ಕೆ ಶೇ. 20ಕ್ಕೂ ಮೇಲೆ ಬಡ್ಡಿ. ರೈಫೈಸನ್ನನ ಪರಸ್ಪರ ಹೊಣೆಯಲ್ಲಿ ಹೊಣೆ ಮಾತ್ರ ಉಳಿಯಿತು, ಒಡೆತನ ಹೋಯಿತು. ಒಬ್ಬಳು ಕಂತು ತಪ್ಪಿಸಿದರೆ ಉಳಿದ ಹೆಂಗಸರೇ ಅವಳ ಮನೆ ಮುಂದೆ ಕೂಡಬೇಕು. ನಮ್ಮಲ್ಲಿ 'ಸಂಘ' ಎಂಬ ಒಳ್ಳೆಯ ಮಾತೇ ಈಗ ಹೆದರಿಕೆಯ ಮಾತಾಗಿದೆ.

2009ರಲ್ಲಿ ಕೋಲಾರದಲ್ಲಿ ನಡೆದದ್ದನ್ನು ನಾವು, ಮುಸ್ಲಿಂ ಸಂಸ್ಥೆಗಳವರು, ವಿಶೇಷವಾಗಿ ನೆನಪಿಡಬೇಕು. ಅಲ್ಲಿ ಅನೇಕ ಮುಸ್ಲಿಂ ಹೆಂಗಸರು ಹಲವು ಕಂಪನಿಗಳಲ್ಲಿ ಒಂದರ ಮೇಲೊಂದು ಸಾಲ ಮಾಡಿ ಸಿಕ್ಕಿಬಿದ್ದಿದ್ದರು. ಸ್ಥಳೀಯ ಅಂಜುಮನ್ ಮಧ್ಯೆ ಬಂದು ಕಂತು ಕಟ್ಟಬೇಡಿ ಎಂದಿತು. ಕಟ್ಟುವುದು ನಿಂತಿತು, ರಾಮನಗರ ಮುಂತಾದ ಪಟ್ಟಣಗಳಲ್ಲೂ ಹಾಗೆಯೇ ಆಯಿತು. ವಸೂಲಿಯವರ ಕಾಟ ತಪ್ಪಿತೇನೋ ಸರಿ. ಆದರೆ ಕಂಪನಿಗಳು ಸಾಲ ನಿಲ್ಲಿಸಿದ ಮೇಲೆ ಹೆಂಗಸರಿಗೆ ಮತ್ತೆ ಕೈಬಡ್ಡಿಯವರ ಮನೆಯೇ ಗತಿಯಾಯಿತು. ಅಂಜುಮನ್ನಿನ ಹಿರಿಯರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಬೇಡ ಎನ್ನುವುದರ ಜೊತೆಗೆ ಅದಕ್ಕೆ ಬದಲಾಗಿ ಏನು ಎಂಬುದೂ ಸಿದ್ಧವಿರಬೇಕಿತ್ತು. ಸುಪಾದಲ್ಲಿ ಪತ್ರ ಸುಟ್ಟ ರೈತರ ಕತೆಯೇ ಇನ್ನೊಮ್ಮೆ ನಡೆಯಿತು.

ಮರುವರ್ಷ, 2010ರಲ್ಲಿ, ಆಂಧ್ರಪ್ರದೇಶದಲ್ಲಿ ಆತ್ಮಹತ್ಯೆಗಳ ನಂತರ ಸುಗ್ರೀವಾಜ್ಞೆ ಬಂತು. ನಮ್ಮ ರಾಜ್ಯದಲ್ಲಿ 2025ರ ಆರಂಭದಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ಹಲವು ಜಿಲ್ಲೆಗಳಿಂದ ಬಂದವು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಜಾರಿಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇದು ಬೇಕಾಗಿದ್ದ ಕಾನೂನೇ. 1879ರ ಕಾಯ್ದೆಯೂ ಬೇಕಾಗಿದ್ದದ್ದೇ.

ಒಂದು ಲೆಕ್ಕ

ಹಿಂದೆ ಮಾನ್ವಿ ತಾಲೂಕಿನಲ್ಲಿದ್ದು ಈಗ ಸಿರವಾರ ತಾಲೂಕಿಗೆ ಸೇರಿರುವ ನಮ್ಮ ಕವಿತಾಳದಂಥ ಊರಿನಲ್ಲಿ ಏನು ಸಾಧ್ಯ ಎಂದು ಮಕ್ಕಳ ಜೊತೆ ಕೂತು ಲೆಕ್ಕ ಮಾಡಿದೆ. ಅರವತ್ತು ಹೆಂಗಸರು ತಿಂಗಳಿಗೆ 50 ರೂಪಾಯಿ ಕೂಡಿಸುತ್ತಾರೆ ಎನ್ನೋಣ. ತಿಂಗಳಿಗೆ 3,000 ಆಯಿತು. ಒಬ್ಬರಿಗೆ 6,000 ರೂಪಾಯಿ ಕರ್ಜೆ ಹಸನಾ, ಹತ್ತು ತಿಂಗಳು 600ರಂತೆ ತೀರಿಸಬೇಕು, ಬಡ್ಡಿ ಇಲ್ಲ. ಎರಡನೇ ತಿಂಗಳಿಗೆ ಮೊದಲ ಸಾಲ ಕೊಡಬಹುದು. ಹನ್ನೆರಡು ತಿಂಗಳಲ್ಲಿ ಕೂಡಿದ ಹಣ 36,000. ಆದರೆ ತೀರಿಸಿದ ಕಂತುಗಳು ತಿರುಗಿ ಬರುವುದರಿಂದ ಅಷ್ಟರಲ್ಲಿ ಒಂಬತ್ತು ಮಂದಿಗೆ, ಅಂದರೆ 54,000 ರೂಪಾಯಿ ಸಾಲ ಕೊಟ್ಟು, ಇನ್ನೂ 5,400 ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಎರಡನೇ ವರ್ಷ ತಿಂಗಳಿಗೆ ಒಬ್ಬರಿಗೋ ಇಬ್ಬರಿಗೋ ಕೊಡಬಹುದು. ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ತಿಂಗಳು ತಿಂಗಳಾಗಿ ಬಿಡಿಸಿದವಳು ಆ ಪ್ರಶ್ನೆ ಕೇಳಿದ ಹುಡುಗಿಯೇ. ಮದುವೆಗೆ ಇದು ಸಾಲದು, ಒಪ್ಪುತ್ತೇನೆ. ಆಸ್ಪತ್ರೆಗೆ, ಶಾಲೆಯ ಖರ್ಚಿಗೆ, ಹೊಲಿಗೆ ಯಂತ್ರಕ್ಕೆ ಸಾಕು. ಮಂಗಳವಾರದ ಕಂತಿಗಾಗಿ ಮಾಡುವ ಎರಡನೇ ಸಾಲ ತಪ್ಪಿದರೂ ಸಾಕು.

ಎಲ್ಲರೂ ತೀರಿಸಿದರೆ ಮಾತ್ರ ಈ ಲೆಕ್ಕ. ಮಳೆ ಬಾರದ ವರ್ಷ ಏನು? ಗುಳೆ ಹೋದವರು ಬೆಂಗಳೂರಿನಿಂದ ಹೇಗೆ ಕಟ್ಟುತ್ತಾರೆ? ತಂಗಿಯ ಗಂಡ ಕುಡಿದು ಹಾಳುಮಾಡಿದರೆ ತಂಗಿಯಿಂದ ವಸೂಲು ಮಾಡುವುದೋ ಬಿಡುವುದೋ? ಸುಗ್ಗಿಯಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ ಕಟ್ಟುವಂತೆ ಕಂತು ಇಡಬೇಕೆಂದು ಹೆಂಗಸರೇ ಹೇಳಿದರು. ಹೈದರಾಬಾದಿನ ಗುಮಾಸ್ತರಿಗೆ ಇದು ಹೊಳೆಯುವ ಪ್ರಮೇಯವೇ ಇರಲಿಲ್ಲ. ಸಂಕಷ್ಟದಲ್ಲಿ ಇರುವವರಿಗೆ ಗಡುವು ಮುಂದೂಡುವುದು ನಮ್ಮ ಧರ್ಮ ಹೇಳಿಕೊಟ್ಟದ್ದೇ. ಆದರೆ ಮುಂದೂಡುವ ನಿರ್ಧಾರ ಸಭೆಯಲ್ಲಿ, ಎಲ್ಲರ ಮುಂದೆ ಆಗಬೇಕು, ಯಾರೋ ಒಬ್ಬರ ತಲೆಯಲ್ಲಿ ಅಲ್ಲ. ನಮ್ಮ ಸಂಸ್ಥೆ ಇದಕ್ಕೆ ಹಣ ಕೊಡಬೇಕೆಂದು ನಾನು ಕೇಳುತ್ತಿಲ್ಲ. ಸಂಜೆ ಒಂದು ಕೋಣೆ, ಒಂದು ಬೀಗದ ಪೆಟ್ಟಿಗೆ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡಲು ಒಬ್ಬ ಸದಸ್ಯರು, ಇಷ್ಟು ಕೊಟ್ಟರೆ ಸಾಕು.

ಸದ್ಯಕ್ಕೆ ನಮ್ಮ ಓಣಿಯ ಹದಿನಾಲ್ಕು ಮಂದಿ ಕೂಡಿದ್ದೇವೆ. ಅವರಲ್ಲಿ ಐವರು ಮುಸ್ಲಿಮರಲ್ಲ; ಹತ್ತಿ ಹೊಲಕ್ಕೆ ಜೊತೆಯಲ್ಲಿ ಹೋಗುವವರು, ಹಾಗಾಗಿ ಇಲ್ಲಿಯೂ ಜೊತೆಯಲ್ಲಿ ಬಂದರು. ಎರಡು ಸಭೆಗಳಾಗಿವೆ. ಪುಸ್ತಕವನ್ನು ಉರ್ದುವಿನಲ್ಲಿ ಬರೆಯಬೇಕೋ ಕನ್ನಡದಲ್ಲೋ ಎಂಬುದರ ಮೇಲೆ ಮೊದಲ ಸಭೆ ಪೂರ್ತಿ ಹೋಯಿತು. ಉರ್ದು ಓದುವವರು ನಾಲ್ವರು, ಕನ್ನಡ ಓದುವವರು ಆರು, ಏನೂ ಓದದವರು ನಾಲ್ವರು. ಕೊನೆಗೆ ಒಬ್ಬ ಹಿರಿಯ ಹೆಂಗಸು, "ಹೆಸರು ಎರಡರಾಗೂ ಬರೀರಿ ಟೀಚರ್. ಅಂಕಿ ಮಾತ್ರ ದೊಡ್ಡದಾಗಿ ಬರೀರಿ. ಬಸ್ಸಿನ ನಂಬರ್ ನೋಡಿ ನೋಡಿ ಅಂಕಿ ನಮಗೆಲ್ಲ ಬರ್ತಾವ" ಎಂದರು. ಹಾಗೆಯೇ ಬರೆಯುತ್ತಿದ್ದೇವೆ.